ಕೈಕೆಲಸದ ಸಂತೋಷ ಲೋಕದ ಸಂತೋಷವೇ?

   

ಪ್ರಿಯ ದೇವಜನರೇ, ಈ ದಿನ ಒಂದು ಪ್ರಶ್ನೆಯಿಂದ ಶುರು ಮಾಡ್ತೇನೆ. ಕಳೆದ ವಾರ ಮನೆ ಭೇಟಿಗೆ ಹೋದಾಗ ನಮ್ಮ ಸಭೆಯ ಒಬ್ಬ ಸಹೋದರಿ ಕೇಳಿದ ಪ್ರಶ್ನೆ ಇದು. ಅವರನ್ನು ಕೇಳಿಯೇ ಇಲ್ಲಿ ಹೇಳ್ತಿದ್ದೇನೆ. ಅವರು ಮಹಡಿಯ ಮೇಲೆ ಹಳೆಯ ಪೇಂಟ್ ಡಬ್ಬ, ಒಡೆದ ಬಕೆಟ್‌ಗಳಿಗೆ ಮಣ್ಣು ತುಂಬಿ ಟೊಮೆಟೊ, ಬಸಳೆ, ಮೆಣಸಿನಕಾಯಿ, ದೊಡ್ಡಪತ್ರೆ ಬೆಳೆಸಿದ್ದಾರೆ. ಒಂದೊಂದನ್ನೇ ತೋರಿಸುವಾಗ ಅವರ ಮುಖ ಅರಳಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಪಾಸ್ಟರ್, ಬೆಳಿಗ್ಗೆ ಪ್ರಾರ್ಥನೆಗೆ ಕೂತ್ರೆ ಎಷ್ಟೋ ದಿನ ಮನಸ್ಸು ಒಣಗಿದ ಹಾಗಿರುತ್ತೆ. ಅದೇ ಮೇಲೆ ಬಂದು ಒಂದು ಹೊಸ ಚಿಗುರು ನೋಡಿದ್ರೆ ಎಷ್ಟು ಖುಷಿ ಆಗುತ್ತೆ. ಇದು ಲೋಕದ ಸಂತೋಷನಾ? ನಾನು ದಾರಿ ತಪ್ಪುತ್ತಾ ಇದ್ದೀನಾ?"

ಹತ್ತು ವರ್ಷದ ಹಿಂದೆ ಆಗಿದ್ದರೆ ನಾನು ತಡಮಾಡದೆ ಉತ್ತರ ಕೊಡ್ತಿದ್ದೆ. ಯೋಹಾನನ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯ ತೆಗೆದು, ಲೋಕವನ್ನು ಪ್ರೀತಿಸಬಾರದು ಅನ್ನೋ ವಾಕ್ಯ ತೋರಿಸಿ, "ಎಚ್ಚರಿಕೆ ಸಿಸ್ಟರ್" ಅಂತ ಹೇಳಿ ಎದ್ದು ಬರ್ತಿದ್ದೆ. ಆ ದಿನ ಹಾಗೆ ಹೇಳಲಾಗಲಿಲ್ಲ. ಯಾಕಂದ್ರೆ ಅದೇ ಉತ್ತರವನ್ನು ಹಿಂದೆ ಒಬ್ಬರಿಗೆ ಕೊಟ್ಟು, ಅದರ ಫಲವನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಇವತ್ತು ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನಮ್ಮ ಸಭೆಗೆ ಒಬ್ಬ ಹಿರಿಯ ಸಹೋದರರು ಬರ್ತಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಇಪ್ಪತ್ತೈದು ವರ್ಷ ಕುಡಿದಿದ್ದರು. ಕರ್ತನು ಅವರನ್ನು ಬಿಡಿಸಿದನು. ದೇವರಿಗೆ ಸ್ತೋತ್ರ! ಆದರೆ ಕುಡಿತ ಬಿಟ್ಟವರ ಸಾಯಂಕಾಲ ಹೇಗಿರುತ್ತೆ ಅಂತ ಬಿಟ್ಟವರಿಗೇ ಗೊತ್ತು. ಆರು ಗಂಟೆ ಆದರೆ ಕಾಲು ತಾನಾಗಿ ಬೀದಿ ಕಡೆ ತಿರುಗುತ್ತೆ. ಆ ಹೊತ್ತು ಕಳೆಯೋದಕ್ಕೆ ಅವರು ಮನೆ ಹಿಂದೆ ಶೀಟು ಹಾಕಿಕೊಂಡು ಮರಗೆಲಸ ಶುರು ಮಾಡಿದರು. ಹಳೆ ಮನೆ ಕೆಡವಿದ ಕಡೆ ಸಿಗೋ ತೇಗ, ಹಲಸಿನ ತುಂಡು ತರೋರು. ಉಳಿ, ಗರಗಸ, ಕೀಸುಳಿ ಹಿಡಿದು ಕೂತ್ರೆ ಎಂಟು ಗಂಟೆವರೆಗೆ ಏಳ್ತಿರಲಿಲ್ಲ. ಸ್ಟೂಲು ಮಾಡಿದರು, ಅಡುಗೆ ಮನೆಗೆ ಶೆಲ್ಫ್ ಮಾಡಿದರು, ಮೊಮ್ಮಗುವಿಗೆ ತೊಟ್ಟಿಲು ಮಾಡಿದರು.

ಒಂದು ಶುಕ್ರವಾರ ಉಪವಾಸ ಪ್ರಾರ್ಥನೆಗೆ ಅವರು ತಡವಾಗಿ ಬಂದರು. ತಲೆ ಮೇಲೆ ಮರದ ಹೊಟ್ಟು ಹಾಗೇ ಇತ್ತು. ನಾನು ಆಗ ಹೊಸ ಹುರುಪಿನಲ್ಲಿದ್ದ ಪಾಸ್ಟರು. ಅವರ ಹೆಸರು ಹೇಳಲಿಲ್ಲ, ಆದರೆ ಅವರನ್ನೇ ನೋಡಿಕೊಂಡು ಹೇಳಿದೆ: "ಕೆಲವರಿಗೆ ಶಿಲುಬೆಯ ಮರಕ್ಕಿಂತ ಮನೆ ಹಿಂದಿನ ಮರದ ಮೇಲೆ ಪ್ರೀತಿ ಜಾಸ್ತಿ." ಸಭೆಯಲ್ಲಿ ನಗು ಬಂತು. ನನಗೂ ಒಳ್ಳೆ ಮಾತು ಹೇಳಿದೆ ಅನ್ನಿಸಿತು. ಕರ್ತನು ನನ್ನನ್ನು ಕ್ಷಮಿಸಲಿ.

ಮುಂದಿನ ವಾರದಿಂದ ಅವರು ಎಲ್ಲರಿಗಿಂತ ಮೊದಲೇ ಬಂದು ಕೂತರು. ನಾನು ಸಂತೋಷಪಟ್ಟೆ, ವಾಕ್ಯ ಕೆಲಸ ಮಾಡಿತು ಅಂದುಕೊಂಡೆ. ಆರು ತಿಂಗಳಾದ ಮೇಲೆ ಅವರ ಹೆಂಡತಿ ನನ್ನ ಹತ್ತಿರ ಬಂದರು. "ಪಾಸ್ಟರ್, ಸಾಮಾನೆಲ್ಲ ಗುಜರಿಗೆ ಹಾಕಿಬಿಟ್ರು. ಈಗ ಸಾಯಂಕಾಲ ಜಗಲಿ ಮೇಲೆ ಸುಮ್ಮನೆ ಕೂತಿರ್ತಾರೆ. ಮೊದಲು ಮರ ಉಜ್ಜುವಾಗ ಸಣ್ಣ ದನಿಯಲ್ಲಿ ಹಾಡು ಹೇಳೋರು, ಮಕ್ಕಳ ಹೆಸರು ಹೇಳಿ ಪ್ರಾರ್ಥನೆ ಮಾಡೋರು. ಒಳಗೆ ನನಗೆ ಕೇಳಿಸ್ತಿತ್ತು. ಈಗ ಮನೆಯಲ್ಲಿ ಶಬ್ದವೇ ಇಲ್ಲ. ಮೊನ್ನೆ ಆ ಅಂಗಡಿ ಮುಂದೆವರೆಗೆ ಹೋಗಿ ವಾಪಸ್ ಬಂದ್ರಂತೆ. ನನಗೆ ಭಯ ಆಗ್ತಿದೆ."

ಪ್ರಿಯರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯನನ್ನು ಲೋಕದಿಂದ ಬಿಡಿಸ್ತೇನೆ ಅಂತ ಹೋಗಿ, ಅವನನ್ನು ಲೋಕದ ಬಾಗಿಲಿಗೇ ತಂದು ನಿಲ್ಲಿಸಿದ್ದೆ. ಆಗ ನಾನು ವಿಮೋಚನಕಾಂಡದ 31ನೇ ಅಧ್ಯಾಯ ತೆಗೆದೆ. ಅದನ್ನು ಮೊದಲು ಎಷ್ಟೋ ಸಾರಿ ಓದಿದ್ದೆ, ಆದರೆ ಅವತ್ತು ಓದಿದ ಹಾಗೆ ಓದಿರಲಿಲ್ಲ.

ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ಒಬ್ಬನ ಹೆಸರು ಹೇಳುತ್ತಾನೆ. ಅವನು ಯೆಹೂದ ಕುಲದ ಊರಿಯನ ಮಗ ಬೆಚಲೇಲ. ಅವನನ್ನು ತನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ದೇವರೇ ಹೇಳುತ್ತಾನೆ. ಯಾತಕ್ಕೆ? ಪ್ರವಾದನೆ ಹೇಳೋದಕ್ಕಾ? ಅಲ್ಲ. ಬಂಗಾರ, ಬೆಳ್ಳಿ, ತಾಮ್ರದ ಕೆಲಸ ಮಾಡೋದಕ್ಕೆ, ಕಲ್ಲು ಕೆತ್ತೋದಕ್ಕೆ, ಮರ ಕೆತ್ತೋದಕ್ಕೆ! ನಾವು ಪೆಂತೆಕೊಸ್ತಿನವರು. ಆತ್ಮಭರಿತರು ಅಂದ್ರೆ ತಕ್ಷಣ ಅನ್ಯಭಾಷೆ, ಪ್ರವಾದನೆ, ಸ್ವಸ್ಥತೆ ನೆನಪಾಗುತ್ತೆ. ಅವೆಲ್ಲ ಸತ್ಯವೇ, ನಾನೂ ನಂಬುತ್ತೇನೆ, ಸಾರುತ್ತೇನೆ. ಆದರೆ ಆತ್ಮನು ಉಳಿ ಹಿಡಿದ ಕೈಯ ಮೇಲೂ ಬರುತ್ತಾನೆ ಅನ್ನೋದನ್ನು ನಾನು ಮರೆತಿದ್ದೆ.

ಇನ್ನೊಂದು ಗಮನಿಸಿ. ನಮ್ಮ ಕರ್ತನನ್ನು ಊರಿನವರು ಏನಂತ ಗುರುತಿಸಿದರು? ಮಾರ್ಕ 6:3 ನೋಡಿ. ಬಡಗಿ ಅಂತ. ಲೂಕನು ಹೇಳುವ ಪ್ರಕಾರ ಆತನು ಸೇವೆ ಆರಂಭಿಸಿದಾಗ ಸುಮಾರು 30 ವರ್ಷದವನು. ದೀಕ್ಷಾಸ್ನಾನದ ದಿನ ಪರಲೋಕದಿಂದ ಧ್ವನಿ ಬಂತು, ತಂದೆಯು ಮಗನನ್ನು ಮೆಚ್ಚಿದ್ದೇನೆ ಅಂದನು. ಆವತ್ತಿಗೆ ಆತನು ಜನರ ಗುಂಪಿಗೆ ಪ್ರಸಂಗ ಮಾಡಿರಲಿಲ್ಲ, ಕಾನಾ ಊರಿನ ಮದುವೆ ಇನ್ನೂ ಆಗಿರಲಿಲ್ಲ. ಹಿಂದೆ ಇದ್ದದ್ದು ನಜರೇತಿನ ಮನೆ, ತಂದೆ ತಾಯಿಗೆ ವಿಧೇಯತೆ, ದಿನದಿನದ ಕೈಕೆಲಸ. ಆ ವರ್ಷಗಳನ್ನು ತಂದೆಯು ವ್ಯರ್ಥ ಅಂತ ಎಣಿಸಲಿಲ್ಲ. ಆಮೆನ್?

ನಮ್ಮ ನಾಡಿನಲ್ಲಿ ಕೈಕೆಲಸ ಅಂದ್ರೆ ಕೀಳು, ಬಾಯಿಕೆಲಸ ಅಂದ್ರೆ ಮೇಲು ಅನ್ನೋ ಹಳೆ ರೋಗ ಇದೆ. ಅದು ಸಭೆಯೊಳಗೂ ಬಂದಿದೆ. ಬಾಸೆಲ್ ಮಿಷನ್‌ನವರನ್ನು ನೆನಪಿಸಿಕೊಳ್ಳಿ. ಕರಾವಳಿಯಲ್ಲಿ ಸುವಾರ್ತೆ ಸಾರಿದ ಅವರೇ ನೇಯ್ಗೆ ಶಾಲೆ ನಡೆಸಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಂಬಿಕೆಗೆ ಬಂದು ಮನೆ, ಜಾತಿ, ಜೀವನೋಪಾಯ ಕಳೆದುಕೊಂಡವರಿಗೆ ಬರೀ ಪ್ರಸಂಗ ಸಾಕಾಗಲ್ಲ, ಕೈಗೆ ಕೆಲಸವೂ ಬೇಕು ಅಂತ ಅವರಿಗೆ ಗೊತ್ತಿತ್ತು. ನನ್ನ ಸಹೋದರನಿಗೆ ಕರ್ತನು ಕೊಟ್ಟಿದ್ದ ಕೆಲಸವನ್ನು ನಾನು ಕೈಯಿಂದ ಕಿತ್ತುಕೊಂಡಿದ್ದೆ.

ಮರುದಿನ ಅವರ ಮನೆಗೆ ಹೋಗಿ, "ಅಣ್ಣಾ, ನಾನು ತಪ್ಪು ಮಾಡಿದೆ, ಕ್ಷಮಿಸಿ" ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತು ನನ್ನನ್ನು ಇನ್ನೂ ತಗ್ಗಿಸಿತು. "ಪಾಸ್ಟರ್, ನೀವು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ತೊಟ್ಟಿಲು ಮಾಡುವಾಗ ಮಗುವಿಗೆ ಜ್ವರ ಬಂದಿತ್ತು. ಆಸ್ಪತ್ರೆಗೆ ಹೋಗೋಣ ಬನ್ನಿ ಅಂತ ಸೊಸೆ ಕರೆದಳು. ಇದೊಂದು ಪಾಲಿಶ್ ಮುಗಿಸ್ತೀನಿ ಅಂತ ಒಂದು ಗಂಟೆ ಕಾಯಿಸಿದೆ. ಮಗುವಿಗೆ ಅಂತ ಮಾಡ್ತಿದ್ದ ತೊಟ್ಟಿಲು ಮಗುವಿಗಿಂತ ದೊಡ್ಡದಾಗಿತ್ತು."

ಪ್ರಿಯರೇ, ಇಲ್ಲೇ ಇರೋದು ಈ ದಿನದ ವಿಷಯ. ಕೈಕೆಲಸದ ಸಂತೋಷ ಪಾಪ ಅನ್ನೋದು ಸುಳ್ಳು. ಅದರಿಂದ ಅಪಾಯವೇ ಇಲ್ಲ ಅನ್ನೋದೂ ಸುಳ್ಳು. ಯೆಶಾಯ 44ನೇ ಅಧ್ಯಾಯದಲ್ಲಿ ಒಬ್ಬ ಬಡಗಿ ಇದ್ದಾನೆ. ಒಂದೇ ಮರ ಕಡಿದು ತರುತ್ತಾನೆ. ಅದರ ಒಂದು ಭಾಗ ಉರಿಸಿ ಚಳಿ ಕಾಯಿಸಿಕೊಳ್ಳುತ್ತಾನೆ, ರೊಟ್ಟಿ ಸುಡುತ್ತಾನೆ. ಉಳಿದ ಭಾಗಕ್ಕೆ ಅಡ್ಡಬಿದ್ದು, ನನ್ನನ್ನು ಕಾಪಾಡು ಅನ್ನುತ್ತಾನೆ. ಮರ ಒಂದೇ, ಕೈ ಒಂದೇ, ಉಳಿ ಒಂದೇ. ರೊಟ್ಟಿ ಸುಟ್ಟಿದ್ದನ್ನು ಪ್ರವಾದಿ ಪಾಪ ಅನ್ನಲಿಲ್ಲ. ಮರ ಕೊಡಲಾಗದ್ದನ್ನು ಮರದಿಂದ ಕೇಳಿದ್ದೇ ಪಾಪ. ಹಾಗಾದರೆ ನನ್ನ ಸಂತೋಷ ಯಾವ ಕಡೆ ಇದೆ ಅಂತ ತಿಳಿಯೋದು ಹೇಗೆ? ನಾನು ನನ್ನನ್ನೇ ಕೇಳಿಕೊಳ್ಳುವ ಮೂರು ಪ್ರಶ್ನೆ ಇವೆ.

ಮೊದಲನೆಯದು: ಕರೆದಾಗ ಕೆಳಗೆ ಇಡಬಲ್ಲೆನಾ? ಅದೇ ವಿಮೋಚನಕಾಂಡ 31ರಲ್ಲಿ, ಬೆಚಲೇಲನ ಕೆಲಸದ ಪಟ್ಟಿ ಮುಗಿದ ತಕ್ಷಣ ದೇವರು ಯಾವುದರ ಬಗ್ಗೆ ಮಾತಾಡುತ್ತಾನೆ ನೋಡಿ. ಸಬ್ಬತ್ತಿನ ಬಗ್ಗೆ! ದೇವರ ಗುಡಾರದ ಕೆಲಸವೇ ಆಗಿದ್ದರೂ ಏಳನೇ ದಿನ ಸಾಮಾನು ಕೆಳಗೆ ಇಡಬೇಕು. ಮಗು ಕರೆದಾಗ, ಹೆಂಡತಿ ಕರೆದಾಗ, ಪಕ್ಕದ ಮನೆಯವರ ಕಷ್ಟ ಕರೆದಾಗ ಇಡಲಾಗದಿದ್ದರೆ, ನಾನು ಉಳಿ ಹಿಡಿದಿಲ್ಲ, ಉಳಿ ನನ್ನನ್ನು ಹಿಡಿದಿದೆ.

ಎರಡನೆಯದು: ಇದರಿಂದ ಯಾರಿಗೆ ನೆರಳು? ಧರ್ಮೋಪದೇಶಕಾಂಡ 22:8 ಓದಿ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಲೂ ಅಡ್ಡಗೋಡೆ ಕಟ್ಟಬೇಕು, ಯಾರೂ ಬಿದ್ದು ಸಾಯಬಾರದು ಅಂತ ದೇವರು ಆಜ್ಞೆ ಕೊಡುತ್ತಾನೆ. ಮಹಡಿಯ ಪ್ಯಾರಪೆಟ್ ಗೋಡೆಯ ಬಗ್ಗೆ ದೇವರಿಗೆ ಚಿಂತೆ ಇದೆ! ಮನೆ ರಿಪೇರಿ ದೇವರಿಗೆ ಸಣ್ಣ ವಿಷಯ ಅಲ್ಲ. ಯೊಪ್ಪದಲ್ಲಿ ದೊರ್ಕ ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ಏನು ತೋರಿಸಿದರು? ಆಕೆ ಮಾಡಿಕೊಟ್ಟ ಬಟ್ಟೆಗಳನ್ನು, ಅಳುತ್ತಾ. ಆಕೆಯ ಹೊಲಿಗೆಯೇ ಆಕೆಯ ಸಾಕ್ಷಿಯಾಗಿತ್ತು. ಜಾರುವ ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿದರೆ ವಯಸ್ಸಾದ ಅತ್ತೆ ಬೀಳಲ್ಲ. ಅದು ಪ್ರೀತಿ. ಅದೇ ಪಕ್ಕದವರು ಗ್ರಾನೈಟ್ ಹಾಕಿಸಿದ್ರು ಅಂತ ಬಡ್ಡಿಗೆ ಸಾಲ ತಂದು ಇದ್ದ ನೆಲ ಕೀಳಿಸಿದರೆ ಅದು ಬೇರೆ. ಹಗ್ಗಾಯನ ಕಾಲದವರು ದೇವಾಲಯ ಹಾಳುಬಿದ್ದಿರುವಾಗ ತಮ್ಮ ಮನೆ ಗೋಡೆಗೆ ಹಲಗೆ ಹೊದಿಸಿಕೊಂಡು ಕೂತಿದ್ದರು. ಹಲಗೆಯಲ್ಲಿ ದೋಷ ಇರಲಿಲ್ಲ, ಕಣ್ಣು ತಮ್ಮ ಗೋಡೆ ಬಿಟ್ಟು ಆಚೆ ಹೋಗದೇ ಇದ್ದದ್ದೇ ದೋಷ.

ಮೂರನೆಯದು: ಮುಗಿದ ಮೇಲೆ ಬಾಯಲ್ಲಿ ಏನು ಬರುತ್ತೆ? ಸ್ತೋತ್ರವಾ, ಹೆಚ್ಚಳವಾ? ಸೊಲೊಮೋನನು ಮನೆ ಕಟ್ಟಿದನು, ತೋಟ ಹಾಕಿದನು, ಕೆರೆ ಮಾಡಿಸಿದನು. ಪ್ರಸಂಗಿ ಎರಡನೇ ಅಧ್ಯಾಯದಲ್ಲಿ ಎಲ್ಲವನ್ನೂ ತನಗೋಸ್ಕರ, ತನಗೋಸ್ಕರ ಅಂತ ಎಣಿಸುತ್ತಾ ಹೋಗಿ, ಕೊನೆಗೆ ಎಲ್ಲಾ ವ್ಯರ್ಥ ಅನ್ನುತ್ತಾನೆ. ಅದೇ ಪುಸ್ತಕದ ಮೂರನೇ ಅಧ್ಯಾಯದಲ್ಲಿ, ಮನುಷ್ಯನು ತನ್ನ ದುಡಿಮೆಯಲ್ಲಿ ಸುಖ ಕಾಣುವುದು ದೇವರ ವರ ಅನ್ನುತ್ತಾನೆ. ವರ ಅಂತ ತೆಗೆದುಕೊಂಡವನಿಗೆ ಒಂದು ಸ್ಟೂಲು ಸಾಕು. ನನ್ನದು ಅಂತ ಹಿಡಿದವನಿಗೆ ಅರಮನೆಯೂ ಸಾಲದು.

ಆ ಸಹೋದರರ ವಿಷಯ ಏನಾಯಿತು ಅಂತ ಕೇಳ್ತೀರಿ. ಗುಜರಿಗೆ ಹೋದ ಹಳೆ ಸಾಮಾನು ಸಿಗಲಿಲ್ಲ. ಒಂದು ಉಳಿ, ಒಂದು ಕೀಸುಳಿ ನಾನೇ ಕೊಂಡುಕೊಟ್ಟೆ. ಬಹಳ ದಿನ ಮುಟ್ಟಲಿಲ್ಲ. ಗುರುಗಳ ಬಾಯಿಂದ ಬಂದ ಮಾತು ಎಷ್ಟು ಆಳಕ್ಕೆ ಇಳಿಯುತ್ತೆ ಅಂತ ನಾನು ಆಗ ಕಲಿತೆ. ಮಳೆಗಾಲದಲ್ಲಿ ನಮ್ಮ ಮನೆ ಬಚ್ಚಲ ಬಾಗಿಲು ಕೆಳಗೆ ಕೊಳೆತು ನೆಲಕ್ಕೆ ಉಜ್ಜುತ್ತಿತ್ತು. "ಅಣ್ಣಾ, ನನಗೆ ಕಲಿಸಿ" ಅಂತ ಕರೆದೆ. ಇಬ್ಬರೂ ಸೇರಿ ಕೊಳೆತ ಭಾಗ ಕತ್ತರಿಸಿ, ಹೊಸ ಪಟ್ಟಿ ಜೋಡಿಸಿ, ಉಪ್ಪು ಕಾಗದ ಹಾಕಿ ಉಜ್ಜಿದೆವು. ಮೂರು ಸಾಯಂಕಾಲ ಹಿಡಿಯಿತು. ಕೊನೆಗೆ ಬಾಗಿಲು ಒಂದೇ ಬೆರಳಿಗೆ ಶಬ್ದವಿಲ್ಲದೆ ಮುಚ್ಚಿಕೊಂಡಾಗ, ನಿಮಗೆ ನಗು ಬರಬಹುದು, ನಾನು ನಾಲ್ಕು ಸಾರಿ ತೆಗೆದು ಹಾಕಿ ನೋಡಿದೆ. ಅವರು ನಕ್ಕರು. ಒಂದು ವರ್ಷದಿಂದ ಆ ನಗು ನಾನು ಕೇಳಿರಲಿಲ್ಲ. ಈಗ ನಮ್ಮ ಸಭೆಯಲ್ಲಿ ನೆಲದ ಮೇಲೆ ಕೂರಲಾಗದ ಅಜ್ಜಿಯರು ಕೂರ್ತಾರಲ್ಲ, ಆ ಮೋಟು ಸ್ಟೂಲುಗಳು, ಅವು ಅವರು ಮಾಡಿದ್ದೇ. ಶುಕ್ರವಾರ ಆರು ಗಂಟೆಗೆ ಸಾಮಾನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಪ್ರಾರ್ಥನೆಗೆ ಬರ್ತಾರೆ. ಹೊಟ್ಟು ಒಮ್ಮೊಮ್ಮೆ ತಲೆ ಮೇಲೇ ಇರುತ್ತೆ. ಇರಲಿ.

ಈಗ ಆ ಸಹೋದರಿಗೆ ನನ್ನ ಉತ್ತರ. ಸಿಸ್ಟರ್, ಆ ಚಿಗುರನ್ನು ಹುಟ್ಟಿಸಿದವನೂ ನೀವು ಪ್ರಾರ್ಥನೆಯಲ್ಲಿ ಹುಡುಕುವವನೂ ಒಬ್ಬನೇ. ಮೊದಲನೆಯ ಮನುಷ್ಯನನ್ನು ದೇವರು ತೋಟದಲ್ಲಿಯೇ ಇಟ್ಟನು, ಅದನ್ನು ನೋಡಿಕೊಳ್ಳುವ ಕೆಲಸ ಕೊಟ್ಟನು. ನಿಮ್ಮ ಗಿಡ ಪ್ರಾರ್ಥನೆಗೆ ಶತ್ರು ಅಲ್ಲ. ಆದರೆ ಗಿಡ ಪ್ರಾರ್ಥನೆಗೆ ಬದಲಿಯೂ ಅಲ್ಲ. ಮನಸ್ಸು ಒಣಗಿದ ದಿನವೂ ಮೊಣಕಾಲೂರಿ ಕೂರಿ. ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಬಂತಾ ಅಂತ ನೀವು ನೋಡಲ್ಲ, ನೀರು ಹಾಕಿ ಕಾಯ್ತೀರಿ. ಪ್ರಾರ್ಥನೆಯಲ್ಲೂ ಹಾಗೇ ಕಾಯಿರಿ. ಆಮೇಲೆ ಮೇಲೆ ಹೋಗಿ, ಚಿಗುರು ನೋಡಿ, ಸ್ತೋತ್ರ ಹೇಳಿ. ಟೊಮೆಟೊ ಹಣ್ಣಾದಾಗ ಪಕ್ಕದ ಮನೆಗೆ ನಾಲ್ಕು ಕೊಡಿ.

ಎಲ್ಲರೂ ಕಣ್ಣು ಮುಚ್ಚಿ, ನಿಮ್ಮ ಎರಡೂ ಕೈ ಮುಂದೆ ಚಾಚಿ. ಅಡುಗೆ ಮಾಡಿದ ಕೈ, ಹೊಲಿದ ಕೈ, ಗಾರೆ ಹಚ್ಚಿದ ಕೈ, ಸ್ಪ್ಯಾನರ್ ಹಿಡಿದ ಕೈ. ಪರಲೋಕದ ತಂದೆಯೇ, ಈ ಕೈಗಳನ್ನು ಕೊಟ್ಟದ್ದಕ್ಕಾಗಿ ನಿನಗೆ ಸ್ತೋತ್ರ. ಇವುಗಳ ಕೆಲಸವನ್ನು ಆಶೀರ್ವದಿಸು. ನೀನು ಕರೆದಾಗ ಇವು ಬರಿದಾಗಿ ನಿನ್ನ ಕಡೆ ಚಾಚುವ ಹಾಗೆ ಮಾಡು. ನನ್ನ ಬಾಯಿ ಮಾತಿನಿಂದ ಯಾರ ಸಂತೋಷ ಆರಿಹೋಗಿದೆಯೋ ಅವರನ್ನು ಮತ್ತೆ ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.