ಶಿಬಿರದ ಅಡುಗೆಮನೆಯಿಂದ ಪರದೇಶಕ್ಕೆ

ಅಮೆರಿಕದ ಕ್ರೈಸ್ತ ಯುವಜನರಲ್ಲಿ ಅನೇಕರು ಕಾಲೇಜಿನ ರಜೆಯನ್ನು ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ದುಡಿಯುತ್ತಾ ಕಳೆಯುತ್ತಾರೆ. ಅವರಲ್ಲಿ ಕೆಲವರು ಮುಂದೆ ಮಿಷನ್ ಸೇವೆಗೆಂದು ಹೊರದೇಶಕ್ಕೆ ಹೊರಡುತ್ತಾರೆ. ಮೊದಲನೆಯದು ಎರಡನೆಯದಕ್ಕೆ ತಯಾರಿಯೇ? ಹೌದೆಂದೇ ನನ್ನ ನಂಬಿಕೆ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವನ್ನು ಒಪ್ಪಲಾರೆ. ರಾತ್ರಿ ಬೆಂಕಿಯ ಸುತ್ತ ಕೂತು ಹಾಡುವಾಗ, ಪ್ರಾರ್ಥಿಸುವಾಗ ಹುಟ್ಟುವ ಆವೇಶವೇ ಜನರನ್ನು ಸಮುದ್ರ ದಾಟಿಸುತ್ತದೆ ಎನ್ನುತ್ತಾರೆ. ಇದಕ್ಕೆ ಇತಿಹಾಸದ ಆಧಾರವೂ ಇದೆ. 1886ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಡಿ. ಎಲ್. ಮೂಡಿ ನಡೆಸಿದ ಸಮ್ಮೇಳನಕ್ಕೆ 251 ವಿದ್ಯಾರ್ಥಿಗಳು ಬಂದಿದ್ದರು. ಅದು ಮುಗಿಯುವ ಹೊತ್ತಿಗೆ ನೂರು ಮಂದಿ ಹೊರದೇಶದ ಸೇವೆಗೆ ಸಿದ್ಧರೆಂದು ಹೆಸರು ಕೊಟ್ಟಿದ್ದರು. ಅವರನ್ನು ಹುರಿದುಂಬಿಸಿದವರಲ್ಲಿ ಮುಖ್ಯನಾದವನು ಕೊಲ್ಹಾಪುರದಲ್ಲಿ ಹುಟ್ಟಿದ ಮಿಷನರಿ ಮಗ ರಾಬರ್ಟ್ ವೈಲ್ಡರ್. ಅಲ್ಲಿಂದ ಬೆಳೆದ ವಿದ್ಯಾರ್ಥಿ ಚಳವಳಿ ಸಾವಿರಾರು ಜನರನ್ನು ಏಷ್ಯಾ, ಆಫ್ರಿಕಾಗಳಿಗೆ ಕಳುಹಿಸಿತು. ಆದರೂ ಆ ಚಳವಳಿಯಲ್ಲಿ ಹೆಸರು ಕೊಟ್ಟವರೆಲ್ಲ ಹಡಗು ಹತ್ತಲಿಲ್ಲ. ಹತ್ತದೇ ಉಳಿದವರೇ ಹೆಚ್ಚು. ಆವೇಶದಲ್ಲಿ ಕರೆ ಕೇಳಿಸೀತು. ಹೋದ ಮೇಲೆ ಅಲ್ಲಿ ನಿಲ್ಲುವ ಕಸುವು ಬೇರೆಡೆಯಿಂದ ಬರಬೇಕು.

ಅದು ಬರುವುದು ಶಿಬಿರದ ಅಡುಗೆಮನೆಯಿಂದ, ಮಕ್ಕಳು ಮಲಗುವ ಕೋಣೆಯಿಂದ. ನೂರಾರು ತಟ್ಟೆ ತೊಳೆಯಬೇಕು. ಅಮ್ಮನನ್ನು ನೆನೆದು ಅಳುವ ಮಗುವಿನ ಪಕ್ಕದಲ್ಲಿ ನಡುರಾತ್ರಿ ಕೂರಬೇಕು. ತಾನು ಆರಿಸಿಕೊಳ್ಳದ ಜೊತೆಗಾರನೊಂದಿಗೆ ಜಗಳವಾದರೂ ಮರುದಿನ ಅವನ ಜೊತೆಗೇ ದುಡಿಯಬೇಕು. ಯಾರೂ ಹೊಗಳದ ಈ ಕೆಲಸಗಳಿಗೂ ಸುವಾರ್ತೆಗೂ ಏನು ಸಂಬಂಧ ಎಂದು ಕೇಳುವವರು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಓದಬೇಕು. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ದೂರು ಎದ್ದಿತು. ಪಂಕ್ತಿ ನೋಡಿಕೊಳ್ಳಲು ಏಳು ಮಂದಿಯನ್ನು ನೇಮಿಸಿದರು. ಆ ಏಳರಲ್ಲಿ ಒಬ್ಬನಾದ ಫಿಲಿಪ್ಪನೇ ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯಕ್ಕೆ ಹೋದವನು, ಐಥಿಯೋಪ್ಯದ ಕಂಚುಕಿಯ ರಥ ಹತ್ತಿ ಕೂತವನು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಭಾಷೆಯ ಕಾರಣಕ್ಕೆ ಪಂಕ್ತಿಯ ಕೊನೆಗೆ ಬಿದ್ದವರಿಗೆ ಬಡಿಸಿ ಗೊತ್ತಿದ್ದವನಿಗೆ ಗಡಿ ದಾಟುವುದು ಹೊಸ ವಿದ್ಯೆಯಾಗಿರಲಾರದು.

ಇದಕ್ಕೊಂದು ಗಟ್ಟಿ ಆಕ್ಷೇಪಣೆಯಿದೆ. ಶಿಬಿರದಲ್ಲಿ ಯುವಕನೇ ಯಜಮಾನ: ಭಾಷೆ ಅವನದು, ನಿಯಮ ಅವನದು, ಎದುರಿಗಿರುವವರು ಮಕ್ಕಳು. ಹೊರದೇಶದಲ್ಲಿ ಅವನು ಅತಿಥಿ, ನೆಟ್ಟಗೆ ನೀರು ಕೇಳಲೂ ಬಾರದವನು. ಶಿಬಿರದ ಅಭ್ಯಾಸವನ್ನೇ ಹೊತ್ತು ಹೋದರೆ ಅಲ್ಲಿನ ಹಿರಿಯರನ್ನೂ ಚಪ್ಪಾಳೆ ತಟ್ಟಿಸಿ ಕುಣಿಸಬೇಕಾದ ಮಕ್ಕಳೆಂದೇ ಕಂಡಾನು. ಎರಡು ವಾರದ ಮಿಷನ್ ಪ್ರವಾಸಗಳಲ್ಲಿ ಈ ಅಪಾಯ ನಿಜಕ್ಕೂ ಇದೆ. ಊರಿನ ಗಾರೆಯವನು ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಇವರು ಕೆಟ್ಟದಾಗಿ ಮಾಡಿ ಬರುವುದೂ ಉಂಟು. ಈ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ತಗಲುವುದು ಮೈಕು ಹಿಡಿದು ಆಟ ಆಡಿಸುವ ಶಿಬಿರಕ್ಕೆ. ಅಡುಗೆಯವರ ಕೈಕೆಳಗೆ ನಿಂತು, ಹೇಳಿದ್ದನ್ನು ಕೇಳಿ, ತಪ್ಪಿದರೆ ತಿದ್ದಿಸಿಕೊಂಡು ದುಡಿದವನು ಯಜಮಾನಿಕೆಯನ್ನು ಕಲಿಯುವುದಿಲ್ಲ. ಹೊರದೇಶದಲ್ಲಿ ಮೊದಲು ಬೇಕಾದದ್ದೂ ಕೈಕೆಳಗಿದ್ದು ಕಲಿಯುವ ಆ ಗುಣವೇ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಾಲ್ಕು ದಶಕಗಳ ಆ ದುಡಿಮೆಯ ಬಹುಪಾಲು ಇಲ್ಲಿಯವರನ್ನು ಕೇಳುವುದರಲ್ಲಿ, ಬರೆದುಕೊಳ್ಳುವುದರಲ್ಲಿ, ಮತ್ತೆ ತಿದ್ದುವುದರಲ್ಲಿ ಕಳೆದಿರಬೇಕು. ಒಂದು ಬೇಸಿಗೆಯ ಶಿಬಿರ ಅಂಥವರನ್ನು ತಯಾರಿಸಲಾರದು, ಭಾಷೆಯನ್ನಂತೂ ಕಲಿಸದು. ಆದರೆ ಯಾರು ಕಲಿಯಬಲ್ಲರು ಎಂಬುದನ್ನು ತೋರಿಸಿಕೊಡುತ್ತದೆ. ಮಿಷನ್ ಮಂಡಳಿಗಳು ಅಭ್ಯರ್ಥಿಯ ಬಗ್ಗೆ ಪಾಸ್ಟರರ ಪತ್ರದ ಜೊತೆಗೆ ಶಿಬಿರದ ಅಡುಗೆಯವರ ಮಾತನ್ನೂ ಕೇಳಬೇಕೆಂದು ನಾನು ಹೇಳುವುದು ಅದಕ್ಕೇ.

ಹಾಗಾದರೆ ಶಿಬಿರದಲ್ಲಿ ಸೋತು ನಡುವೆಯೇ ಮನೆಗೆ ಹೋದವರ ಗತಿಯೇನು? ಅಪೊಸ್ತಲ ಪೌಲ ಮತ್ತು ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟ ಮಾರ್ಕನೆನಿಸಿಕೊಂಡ ಯೋಹಾನ ಮೊದಲ ಪ್ರಯಾಣದಲ್ಲೇ ಪಂಫುಲ್ಯದಿಂದ ಯೆರೂಸಲೇಮಿಗೆ ಹಿಂದಿರುಗಿದ. ಎರಡನೆಯ ಸಲ ಅವನನ್ನು ಕರೆದೊಯ್ಯಲು ಪೌಲ ಒಪ್ಪಲಿಲ್ಲ. ಅದಕ್ಕಾಗಿ ಬಾರ್ನಬನೊಡನೆ ತೀಕ್ಷ್ಣ ವಾಗ್ವಾದವಾಗಿ ಇಬ್ಬರೂ ಬೇರೆಯಾದರು. ಬಾರ್ನಬ ಅವನನ್ನು ಕರೆದುಕೊಂಡು ತನ್ನ ಸ್ವಂತ ನಾಡಾದ ಸೈಪ್ರಸ್‌ಗೆ ಹೋದ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಸೆರೆಯಲ್ಲಿದ್ದು ಸಾವನ್ನು ಎದುರುನೋಡುತ್ತಿದ್ದ ಪೌಲ ಅದೇ ಮಾರ್ಕನನ್ನು ಕರೆತರಲು ಹೇಳುತ್ತಾನೆ, ಸೇವೆಗೆ ಅವನು ಬೇಕೆಂಬ ಕಾರಣ ಕೊಟ್ಟು.