ಕೆಲಸ ಕೊಟ್ಟವರಿಗೆ ನಾವು ಋಣಿಗಳೇ?

ಕಾರ್ಖಾನೆ ಬಂದರೆ ಹಳ್ಳಿ ಹಾಳಾಗುತ್ತದೆ ಅಂತ ಮರುಗುವವರನ್ನು ನಾವು ಬಹಳ ಕಾಲದಿಂದ ನೋಡುತ್ತಾ ಬಂದಿದ್ದೇವೆ. ಅವರಲ್ಲಿ ಹೆಚ್ಚಿನವರಿಗೆ ಹಳ್ಳಿಯಲ್ಲಿ ಹೊಲ ಗದ್ದೆ ಇತ್ತು, ತೊಟ್ಟಿಮನೆ ಇತ್ತು. ನಮಗಿದ್ದದ್ದು ಊರಾಚೆಯ ಕೇರಿ, ಒಡೆಯನ ಮನೆಯ ಜೀತ, ಸತ್ತ ದನ ಎಳೆಯುವ ಹಕ್ಕು. ಅದಕ್ಕೆ ಹಕ್ಕು ಅಂತ ಹೆಸರು ಬೇರೆ! ಆದ್ದರಿಂದಲೇ ಹೊಗೆಕೊಳವೆ ಕಂಡ ಕಡೆಗೆ ನಮ್ಮ ಹಿರೀಕರು ಗಂಟುಮೂಟೆ ಕಟ್ಟಿ ನಡೆದರು. ಅವರು ತಪ್ಪು ಮಾಡಲಿಲ್ಲ.

ಅಂಬೇಡ್ಕರ್ 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಮಾತನ್ನು ಎತ್ತಿದ್ದರು. ತುಂಡು ಹೊಲಗಳನ್ನು ಒಟ್ಟು ಮಾಡಿದ ಮಾತ್ರಕ್ಕೆ ಬಡತನ ಹೋಗದು, ಬೇಸಾಯದ ಮೇಲೆ ಹೊರೆಯಾಗಿ ಕೂತ ಕೈಗಳಿಗೆ ಬೇರೆ ಕಡೆ ಕೆಲಸ ಸಿಗಬೇಕು, ಕೈಗಾರಿಕೆಯೇ ಅದಕ್ಕೆ ಮದ್ದು ಎಂಬುದು ಅವರ ವಾದ. ನಾವು ಇದನ್ನು ಇವತ್ತಿಗೂ ಒಪ್ಪುತ್ತೇವೆ. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಅಂಬೇಡ್ಕರ್ ಮುಂಬಯಿಯ ಬಟ್ಟೆ ಗಿರಣಿಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಾಯಿತು. ಅಲ್ಲಿ ನೂಲುವ ವಿಭಾಗದಲ್ಲಿ ನಮ್ಮವರಿಗೆ ಕೆಲಸವಿತ್ತು. ಕೂಲಿ ಹೆಚ್ಚಿದ್ದ ನೇಯ್ಗೆ ವಿಭಾಗದಲ್ಲಿ ಮಾತ್ರ ಇರಲಿಲ್ಲ. ಯಾಕೆ ಗೊತ್ತೆ? ಲಾಳಿಯ ಕಣ್ಣಿಗೆ ನೂಲು ತರಬೇಕಾದರೆ ಬಾಯಿ ಹಚ್ಚಬೇಕಿತ್ತು. ಅಸ್ಪೃಶ್ಯನ ಎಂಜಲಾದ ಲಾಳಿಯನ್ನು ಪಕ್ಕದ ಕಾರ್ಮಿಕ ಮುಟ್ಟುವುದು ಹೇಗೆ? 1928ರ ದೊಡ್ಡ ಮುಷ್ಕರದಲ್ಲಿ ಈ ಬಾಗಿಲೂ ತೆರೆಯಬೇಕು ಎಂದು ಅಂಬೇಡ್ಕರ್ ಕಾರ್ಮಿಕ ಮುಖಂಡರ ಎದುರು ಪಟ್ಟು ಹಿಡಿದರು. ಮಾಲೀಕನ ವಿರುದ್ಧ ಒಂದೇ ಕೊರಳಿನಲ್ಲಿ ಕೂಗುತ್ತಿದ್ದವರು ಲಾಳಿಯ ಹತ್ತಿರ ಬಂದಾಗ ಬೇರೆ ಬೇರೆ ಜಾತಿಯಾಗುತ್ತಿದ್ದರು. ಲಂಕಾಶೈರಿನಿಂದ ಹಡಗಿನಲ್ಲಿ ಬಂದ ಯಂತ್ರಕ್ಕೆ ಮಡಿ ಮೈಲಿಗೆ ಗೊತ್ತಿರಲಿಲ್ಲ. ಇಲ್ಲಿನವರೇ ಅದಕ್ಕೂ ಕಲಿಸಿದರು.

ದೂರದ ಮಾತು ಬೇಡ, ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಅದೂ ಬೆಂಗಳೂರಿನ ಬೀದಿಗಳಿಗಿಂತ ಮೊದಲು. ಗಣಿಗೆ ಇಳಿದವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆ ಸಿಡಿದು ಸತ್ತವರೆಷ್ಟೋ, ಕಲ್ಲಿನ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವರೆಷ್ಟೋ. ಮೇಲೆ ಬಂದರೆ ಚಿನ್ನ ಕದ್ದಿದ್ದಾನಾ ಅಂತ ಮೈ ತಡಕುವ ಪಹರೆ. ನರಕ ಅಂದರೆ ಸುಳ್ಳಲ್ಲ. ಆದರೆ ಆ ನರಕದಲ್ಲೇ ಅವರು ಸಂಬಳ ಎಣಿಸಿ ಈಸಿಕೊಂಡರು, ಸಂಘ ಕಟ್ಟಿದರು, ಮಕ್ಕಳನ್ನು ಸ್ಕೂಲಿಗೆ ಕಳಿಸಿದರು, ಬುದ್ಧನನ್ನೂ ಅಂಬೇಡ್ಕರರನ್ನೂ ಓದಿದರು. ಊರ ಒಡೆಯನ ಮುಂದೆ ಕೈಕಟ್ಟಿ ನಿಂತಿದ್ದರೆ ಇದು ಆಗುತ್ತಿತ್ತೆ? ಎರಡೂ ನಿಜ. ಒಂದನ್ನು ಎತ್ತಿ ಆಡಿ ಇನ್ನೊಂದನ್ನು ಮುಚ್ಚುವವರ ಜೊತೆಗೇ ನಮ್ಮ ಜಗಳ.

ಸುಮಾರು 800 ಟನ್ ಚಿನ್ನ ತೆಗೆದಮೇಲೆ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಷ್ಟ ಅಂದರು. ಸೈನೈಡ್ ಮಣ್ಣಿನ ಗುಡ್ಡಗಳು ಅಲ್ಲೇ ಉಳಿದವು, ಜನವೂ ಅಲ್ಲೇ ಉಳಿದರು. ಅವರ ಮಕ್ಕಳು ಮೊಮ್ಮಕ್ಕಳು ಕತ್ತಲೆಯಲ್ಲೇ ಎದ್ದು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ.

ಇಷ್ಟಾದರೂ 'ಕೆಲಸ ಕೊಟ್ಟೆವು' ಎಂಬ ಮಾತು ನಿಂತಿಲ್ಲ. ಜೀತಕ್ಕಿಟ್ಟುಕೊಂಡವನೂ 'ಅನ್ನ ಕೊಟ್ಟೆ' ಅಂತಲೇ ಹೇಳುತ್ತಿದ್ದ. ಬಂಡವಾಳ ಹಾಕುವವರಿಗೆ ಸರ್ಕಾರ ನೆಲ ಕೊಡುತ್ತದೆ, ನೀರು ಕೊಡುತ್ತದೆ, ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಅದು ಪ್ರೋತ್ಸಾಹ. ನಮ್ಮ ಬೆವರಿಗೆ ಬಂದ ಕೂಲಿ ಮಾತ್ರ ಉಪಕಾರ! ಖಾಸಗಿ ಗೇಟಿನ ಒಳಗೆ ಮೀಸಲಾತಿ ಬೇಕು ಅಂದರೆ ಪ್ರತಿಭೆಯ ಪಾಠ ಹೇಳುತ್ತಾರೆ. ಅದೇ ಗೇಟಿನ ಒಳಗೆ ಕಕ್ಕಸು ತೊಳೆಯುವ ಕಂಟ್ರಾಕ್ಟು ಕೂಲಿಗೆ ಯಾವ ಕೇರಿಯವರು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಬಡವ ಅಂದರೆ ಯಾರು ಎಂದು ನಾವು ನಮ್ಮನ್ನೇ ಕೇಳಿಕೊಂಡಿದ್ದೇವೆ. ಕಾಸಿಲ್ಲದವನು ಅಂದರೆ ಪೂರ್ತಿ ಆಗಲಿಲ್ಲ. ಬಡವ ಅಂದರೆ 'ಒಲ್ಲೆ' ಅನ್ನಲಾರದವನು. ಇಷ್ಟು ಲಕ್ಷ ಉದ್ಯೋಗ ಅಂತ ಲೆಕ್ಕ ಒಪ್ಪಿಸಿದಾಗ, ಆ ಲಕ್ಷದಲ್ಲಿ ಎಷ್ಟು ಜನಕ್ಕೆ ಒಲ್ಲೆ ಅನ್ನುವ ತ್ರಾಣ ಬಂತು ಅಂತ ಯಾರೂ ಎಣಿಸುವುದಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಒಂದು ಸಲ ಅದನ್ನು ತೋರಿಸಿದರು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು, ಉಚ್ಚೆಗೆ ಹೋಗಬೇಕಾದರೂ ಸೂಪರ್‌ವೈಸರನ ಮುಖ ನೋಡಬೇಕಾದ ಬಾಳು. 2016ರಲ್ಲಿ ಪಿ.ಎಫ್. ಹಣವನ್ನು 58 ವರ್ಷ ತುಂಬುವತನಕ ಪೂರ್ತಿ ತೆಗೆಯುವ ಹಾಗಿಲ್ಲ ಎಂಬ ನಿಯಮ ಬಂತು. ಮನೆ ಬಾಡಿಗೆ, ಮಗಳ ಮದುವೆ, ಸಾಲ ಇವೆಲ್ಲ 58ರವರೆಗೆ ಕಾಯುತ್ತವೆಯೆ? ಏಪ್ರಿಲ್‌ನಲ್ಲಿ ಯಾವ ದೊಡ್ಡ ಸಂಘವೂ ಕರೆ ಕೊಡದೆಯೇ ಸಾವಿರಾರು ಹೆಂಗಸರು ಮಿಷಿನ್ನು ಬಿಟ್ಟೆದ್ದು ಹೊಸೂರು ರಸ್ತೆಗೆ ಇಳಿದರು. ಲಾಠಿ ಬಿತ್ತು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ವಾಪಸು ತಗೊಂಡಿತು.

ಅವರು ಕೇಳಿದ್ದು ತಮ್ಮದೇ ದುಡ್ಡು. ಆಮೇಲೆ ಹೋಗಿ ಮತ್ತೆ ಅದೇ ಮಿಷಿನ್ನಿನ ಮುಂದೆ ಕೂತರು. ಟಾರ್ಗೆಟ್ಟು ಹಾಗೇ ಇತ್ತು.