ಗಂಜಿಯ ಋಣ ಮತ್ತು ಕೋಲಾರದ ಸಭೆ

1890ರಲ್ಲಿ ಕೋಲಾರದ ಒಂದು ಕ್ರೈಸ್ತ ಸಭೆ ಕೈ ಬದಲಾಯಿತು. ಕೊಟ್ಟವರು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು. ಪಡೆದವರು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನವರು. ಮನೆ, ಜಮೀನು, ಶಾಲೆ, ಅನಾಥಾಲಯಗಳ ಜೊತೆಗೆ ಅಲ್ಲಿದ್ದ ಜನರೂ ಹೊಸ ಮಿಷನ್ನಿನ ಪಾಲಿಗೆ ಬಂದರು. ಮಿಷನ್ ಚರಿತ್ರೆಗಳಲ್ಲಿ ಇದು ಒಂದೆರಡು ಸಾಲಿನ ಸಂಗತಿ. ನನಗೆ ಆ ಸಾಲುಗಳನ್ನು ದಾಟಿ ಹೋಗುವುದು ಕಷ್ಟ. ಏಕೆಂದರೆ ಆ ಅನಾಥಾಲಯ ತುಂಬಿದ್ದು ಧಾತು ಈಶ್ವರ ಬರದ ಮಕ್ಕಳಿಂದ.

ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಲ್ಲೇ ಹಳೆಯ ಮೈಸೂರಿನ ಹಿರಿಯರು ನೆನೆಯುತ್ತಿದ್ದ ಆ ಬರ 1876ರಿಂದ 78ರವರೆಗಿನದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಎಂಟೂವರೆ ಲಕ್ಷಕ್ಕೂ ಮೀರಿದ ಈ ಇಳಿಕೆಯಲ್ಲಿ ಸತ್ತವರ ಜೊತೆ ಊರು ಬಿಟ್ಟು ಹೋದವರೂ ಇದ್ದಾರು, ಹುಟ್ಟಬೇಕಾಗಿದ್ದು ಹುಟ್ಟದೇ ಹೋದ ಕೂಸುಗಳೂ ಇದ್ದಾವು. ಆಗ ಮೈಸೂರನ್ನು ಆಳುತ್ತಿದ್ದವರು ಅರಸರಲ್ಲ, ಬ್ರಿಟಿಷ್ ಕಮಿಷನರರು. 1877ರ ಜನವರಿ 1ರಂದು ವೈಸ್‌ರಾಯ್ ಲಿಟ್ಟನ್ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ದರ್ಬಾರು ನಡೆಸಿದಾಗ ದಕ್ಷಿಣದ ಹಳ್ಳಿಗಳಲ್ಲಿ ಹೆಣ ಹೊರುವವರಿರಲಿಲ್ಲ. ದೇಶದ ಬಂದರುಗಳಿಂದ ಧಾನ್ಯ ಹಡಗು ಏರುವುದೂ ನಿಂತಿರಲಿಲ್ಲ.

ಕೋಲಾರ ರಾಗಿಯ ನಾಡು, ಕೆರೆಯ ನಾಡು. ಮಳೆ ಕೈಕೊಟ್ಟರೆ ಮೊದಲು ಕೆರೆ ಬತ್ತುತ್ತದೆ, ಆಮೇಲೆ ರಾಗಿಯ ಹಗೇವು ಬರಿದಾಗುತ್ತದೆ, ದನ ಹೋಗುತ್ತವೆ, ಕಡೆಗೆ ಜನ ದಾರಿ ಹಿಡಿಯುತ್ತಾರೆ. ಆ ದಾರಿಯಲ್ಲಿ ತಂದೆ ತಾಯಿ ಬಿದ್ದುಹೋದ ಮೇಲೆ ಉಳಿದ ಮಕ್ಕಳು ಗಂಜಿ ಕೇಂದ್ರ ಸೇರಿದರು. ಮಿಸ್ ಆನ್‌ಸ್ಟಿ ಲಂಡನ್ ಮಿಷನ್ನಿನ ಪರವಾಗಿ ಬೆಂಗಳೂರಿಗೆ ಬಂದು ಕೆಲಸ ಮಾಡಿದವರು, ನಂತರ ಸ್ವತಂತ್ರವಾಗಿ ಕೋಲಾರದಲ್ಲಿ ನೆಲೆನಿಂತವರು. ಇಂಥ ಮಕ್ಕಳನ್ನು ಅವರು ತೆಗೆದುಕೊಂಡರು, ಸಾಕಿದರು, ತಮ್ಮ ಮತದಲ್ಲಿ ಬೆಳೆಸಿದರು.

ಹೀಗೆ ಸಾಕುವುದು ಎಂಥ ಕೆಲಸವೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ತಿಂಗಳುಗಟ್ಟಲೆ ಉಪವಾಸವಿದ್ದ ಮಗುವಿಗೆ ಹೊಟ್ಟೆ ತುಂಬ ಮುದ್ದೆ ಕೊಟ್ಟರೆ ಮಗು ಸಾಯಬಹುದು. ನೀರಾಗಿ ಕಾಸಿದ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸಬೇಕು, ಇನ್ನೂ ಬೇಕೆಂದು ಅದು ಕೈಚಾಚಿ ಅತ್ತರೂ ಕೊಡದೆ ಕಾಯಬೇಕು, ಮತ್ತೆ ಒಂದು ಗುಟುಕು ಕುಡಿಸಬೇಕು. ರಾತ್ರಿಯೂ ಇದೇ. ಭೇದಿ ಹತ್ತಿಕೊಂಡರೆ ತೊಳೆಯಬೇಕು, ಊದಿದ ಕಾಲಿನ ಬಾವು ಇಳಿಯಿತೋ ಎಂದು ಒತ್ತಿ ನೋಡಬೇಕು. ಇಷ್ಟು ಮಾಡಿಯೂ ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಇದನ್ನು ಮಾಡಿದವರ ಬಗ್ಗೆ ಹಗುರವಾಗಿ ಮಾತಾಡಲು ನಾನು ಒಪ್ಪುವುದಿಲ್ಲ.

ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅನ್ನ ಹಾಕಿದವರಿಗೆ ಮಗುವಿನ ದೇವರನ್ನು ಬದಲಿಸುವ ಹಕ್ಕು ಬರುತ್ತದೆಯೇ? ಬರುವುದಿಲ್ಲ ಎಂದೇ ನನ್ನ ನಂಬಿಕೆ. ಹಸಿದ ಮಗು ಬೇಡ ಎನ್ನಲಾರದು. ಬೇಡ ಎನ್ನಲಾರದವರ ಹೂಂ ಎಂಬ ಮಾತನ್ನು ಒಪ್ಪಿಗೆ ಎಂದು ಎಣಿಸುವುದು ಅನ್ಯಾಯ. ಬೆಳೆದು ಬುದ್ಧಿ ಬರುವ ತನಕ ಕಾಯಬಹುದಿತ್ತು. ಇದಕ್ಕೆ ಆ ಕಾಲದ ಮಿಷನ್ನಿನವರ ಉತ್ತರ ಏನಿದ್ದೀತೆಂದು ಊಹಿಸಬಲ್ಲೆ: ಬದುಕು ಕೊಟ್ಟು ಬೆಳಕು ಕೊಡದಿರುವುದು ಹೇಗೆ ಎಂದಾರು. ಅವರ ನಂಬಿಕೆ ಪ್ರಾಮಾಣಿಕವಾದದ್ದೇ. ಅದರಿಂದ ಮಗುವಿನ ಅಸಹಾಯಕತೆಯೇನೂ ಕಡಿಮೆಯಾಗಲಿಲ್ಲ.

ಇನ್ನು ಆಚೆ ಬದಿಯವರ ಮಾತು. ಗಂಜಿಗಾಗಿ ಮತ ಬಿಟ್ಟವರು ಎಂದು ಇಂಥ ಸಭೆಗಳ ಮೊಮ್ಮಕ್ಕಳನ್ನು, ಮರಿಮಕ್ಕಳನ್ನು ಇವತ್ತಿಗೂ ಹೀಯಾಳಿಸುವವರಿದ್ದಾರೆ. ಆ ಮಾತು ನನಗೆ ಸಹಿಸಲಾಗದ್ದು. ಆ ಮಕ್ಕಳ ಮುಂದೆ ಎರಡು ಗಂಜಿಯ ಬಟ್ಟಲು ಇದ್ದು, ಅವರು ಒಂದನ್ನು ಆರಿಸಿಕೊಂಡರೇ? ಇದ್ದದ್ದು ಒಂದೇ. ತಪ್ಪು ಹುಡುಕುವುದಾದರೆ ಧಾನ್ಯವಿದ್ದೂ ಹಂಚದ ಸರ್ಕಾರದಲ್ಲಿ ಹುಡುಕಬೇಕು, ಬೀದಿಯಲ್ಲಿ ಬಿದ್ದ ಕೂಸಿನ ಜಾತಿ ಯಾವುದೋ ಎಂದು ಮುಟ್ಟಲು ಹಿಂಜರಿದ ಊರವರಲ್ಲಿ ಹುಡುಕಬೇಕು. 1897ರ ಬರದ ಹೊತ್ತಿಗೆ ಉತ್ತರದಲ್ಲಿ ಲಾಲಾ ಲಜಪತ ರಾಯರು ಹಿಂದೂ ಅನಾಥ ಮಕ್ಕಳ ರಕ್ಷಣೆಗೆ ಆರ್ಯಸಮಾಜದವರನ್ನು ಕಟ್ಟಿಕೊಂಡು ಹೊರಟರು. ಮಿಷನ್ನಿಗೆ ಕೊಡಬಹುದಾದ ನ್ಯಾಯವಾದ ಉತ್ತರ ಅದು: ಬೈಯುತ್ತ ಕೂರದೆ ತಾವೂ ಸೌಟು ಹಿಡಿದರು. ಧಾತು ಬರದಲ್ಲಿ ಕೋಲಾರದ ಮಕ್ಕಳಿಗೆ ಆ ಸೌಟು ಸಿಗಲಿಲ್ಲ.

ನಾನಿರುವ ಅನಮೋಡದ ಕಡೆಯ ಕಾಡಿನಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. ಹಳಿಯಾಳ ತಾಲೂಕಿನ ಕ್ರೈಸ್ತ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು, ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಒಡೆಯರನ್ನು ಬಿಟ್ಟು ಬಂದರು, ಇಗರ್ಜಿಯನ್ನು ಬಿಡಲಿಲ್ಲ. ಕಾಡಿನಲ್ಲಿ ಅವರನ್ನು ಬಲವಂತ ಮಾಡುವವರು ಯಾರೂ ಇರಲಿಲ್ಲ. ಹೇರಿಕೆಯಾಗಿ ಮೊದಲಾದದ್ದನ್ನು ತಲೆಮಾರುಗಳ ಮೇಲೆ ಜನ ತಮ್ಮದಾಗಿ ಮಾಡಿಕೊಂಡರೆ, ಅದನ್ನು ಕಸಿಯುವ ಅಧಿಕಾರ ಇನ್ನೊಬ್ಬರಿಗೆ ಎಲ್ಲಿಂದ ಬಂತು?

ಮತ್ತೆ 1890ಕ್ಕೆ ಬರುತ್ತೇನೆ. ಬರದಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಇಪ್ಪತ್ತಮೂರು. ಮದುವೆಯಾಗಿ ಮಕ್ಕಳೂ ಇದ್ದಿರಬಹುದಾದ ವಯಸ್ಸು. ಗಂಜಿಯ ದಿನಗಳು ಮುಗಿದಿದ್ದವು. ಸಾಕಿದ ಕೈ ದೂರವಾಗಿ, ಬೇರೆ ದೇಶದ, ಬೇರೆ ಪಂಗಡದ ಪಾದ್ರಿಗಳು ಬಂದು ನಿಂತಾಗಲೂ ಸಭೆ ಚದುರಲಿಲ್ಲ, ಕನ್ನಡದ ಪ್ರಾರ್ಥನೆ ನಡೆಯಿತು. ಋಣಕ್ಕಾಗಿ ಮಾತ್ರ ನಂಬಿದ್ದವರಾದರೆ ಋಣದಾತೆ ಹೋದ ಮೇಲೆ ಅವರೇಕೆ ಉಳಿಯಬೇಕಿತ್ತು? ಅವರ ನಂಬಿಕೆ ಅವರದ್ದೇ ಆದದ್ದು ಇಲ್ಲಿ ಎಂದು ನನಗೆ ಅನಿಸುತ್ತದೆ.

ಇಂಥ ಹಸ್ತಾಂತರ ಕೋಲಾರಕ್ಕೆ ಮಾತ್ರ ಸೀಮಿತವಲ್ಲ. ಅನಮೋಡದಿಂದ ಲೋಂಡಾ, ಖಾನಾಪುರ ದಾಟಿದರೆ ಸಿಗುವ ಬೆಳಗಾವಿಯಲ್ಲಿ 1820ರಲ್ಲಿ ಜೋಸೆಫ್ ಟೇಲರ್ ಶುರು ಮಾಡಿದ ಲಂಡನ್ ಮಿಷನ್ 1904ರಲ್ಲಿ ಅದೇ ಅಮೆರಿಕನ್ ಮೆಥೊಡಿಸ್ಟರ ಪಾಲಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ತುಮಕೂರು, ಗುಬ್ಬಿಯ ವೆಸ್ಲಿಯನ್ ಮೆಥೊಡಿಸ್ಟರು ಅದರಲ್ಲಿ ಸೇರಿದರು. ಕೋಲಾರ, ಬೆಳಗಾವಿಯವರು ಮೆಥೊಡಿಸ್ಟರಾಗಿಯೇ ಹೊರಗುಳಿದರು. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರವಾಗುವವರೆಗೂ ಅವರ ಮೇಲಿನ ಆಡಳಿತದ ಕೊಂಡಿ ಅಮೆರಿಕದ ತನಕ ಇತ್ತು. ಯಾವ ಪಂಗಡದವರಾಗಿ ಸಾಯಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಯಾವ ಮಿಷನ್ ಯಾವ ಊರನ್ನು ಹಿಡಿಯಿತು ಎಂಬ ಸಂಗತಿ.

1910ರಲ್ಲಿ ಅಮೆರಿಕದ ಮೆಥೊಡಿಸ್ಟ್ ಹೆಂಗಸರ ಸಂಘ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ತೆರೆಯಿತು. ಇಟಿಸಿಎಂ ಎಂದರೆ ಆ ಸೀಮೆಯವರಿಗೆ ಗೊತ್ತು. ಅಲ್ಲಿಗೆ ಹೆರಿಗೆಗೆ ಬಂದ ಒಕ್ಕಲಿಗರ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ತನ್ನ ಊರಿಗೆ, ತನ್ನ ಮನೆದೇವರ ಹತ್ತಿರಕ್ಕೆ ಮರಳುತ್ತಿದ್ದಳು. ಅನಾಥಾಲಯ ಕಟ್ಟಿದವರೂ ಆಸ್ಪತ್ರೆ ಕಟ್ಟಿದವರೂ ಹೆಚ್ಚುಕಡಿಮೆ ಒಂದೇ ನಂಬಿಕೆಯವರು. ಆ ಹೆಣ್ಣುಮಗಳಿಗೆ ಮರಳಲು ಮನೆಯಿತ್ತು. ಧಾತು ಬರದ ಮಕ್ಕಳಿಗೆ ಇರಲಿಲ್ಲ.